ತಿರುವಿನಲ್ಲಿ ಗಾಡಿ ವಾಲುತ್ತೆ, ದಪ್ಪ ರಾಡ್ ಹಾಕಿಸಲಾ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಎಸ್‌ಯುವಿ ಮತ್ತು ಪಿಕಪ್ ಇಟ್ಟುಕೊಂಡವರ ಪತ್ರಗಳೇ ಜಾಸ್ತಿ. ಎಲ್ಲರ ಕಷ್ಟವೂ ಹೆಚ್ಚುಕಡಿಮೆ ಒಂದೇ: ತಿರುವಿನಲ್ಲಿ ಗಾಡಿ ವಾಲುತ್ತದೆ, ಭಯ ಆಗುತ್ತದೆ. ಎಲ್ಲರಿಗೂ ಯಾರೋ ಒಬ್ಬರು ಹೇಳಿರುವ ಮದ್ದೂ ಒಂದೇ, ದಪ್ಪ ಸ್ಟೆಬಿಲೈಸರ್ ರಾಡ್. ಕಂಪನಿಯ ಪುಸ್ತಕದಲ್ಲಿ ಇದು ಆಂಟಿ-ರೋಲ್ ಬಾರ್, ಅಮೆರಿಕದಲ್ಲಿ ಸ್ವೇ ಬಾರ್. ಸಾಮಾನು ಅದೇ. ಹಾಗಾಗಿ ಈ ಬಾರಿ ಪೂರ್ತಿ ಅಂಕಣ ಇದಕ್ಕೇ.

ಪ್ರಶ್ನೆ: ಸರ್, ನಮ್ಮದು 2016ರ ಸ್ಕಾರ್ಪಿಯೊ, 1 ಲಕ್ಷದ 30 ಸಾವಿರ ಕಿ.ಮೀ. ಓಡಿದೆ. ಚಾರ್ಮಾಡಿ ಇಳಿದು ಧರ್ಮಸ್ಥಳ, ಮಂಗಳೂರಿಗೆ ಆಗಾಗ ಹೋಗ್ತೀವಿ. ಮೊದಲು ಇಷ್ಟು ವಾಲುತ್ತಿರಲಿಲ್ಲ, ಈಗ ಪ್ರತಿ ತಿರುವಿನಲ್ಲೂ ಗಾಡಿ ಒಂದು ಕಡೆಗೆ ಮಲಗಿದ ಹಾಗೆ ಅನ್ನಿಸುತ್ತೆ. ಹಿಂದೆ ಕೂತ ಅಮ್ಮನಿಗೆ ವಾಂತಿ. ಗ್ಯಾರೇಜಿನವರು ದಪ್ಪ ಸ್ಟೆಬಿಲೈಸರ್ ರಾಡ್ ಹಾಕಿಸಿ, ಎಲ್ಲ ಸರಿ ಹೋಗುತ್ತೆ ಅಂದರು. ಹಾಕಿಸಲಾ?
— ಒಬ್ಬ ಓದುಗರು, ಮೂಡಿಗೆರೆ

ಉತ್ತರ: ಈಗಲೇ ಬೇಡ. ನಿಮ್ಮ ಪತ್ರದಲ್ಲೇ ಉತ್ತರ ಇದೆ ನೋಡಿ, ‘ಮೊದಲು ಇಷ್ಟು ವಾಲುತ್ತಿರಲಿಲ್ಲ’. ಹೊಸದರಲ್ಲಿ ಸರಿ ಇದ್ದ ಗಾಡಿ ಈಗ ವಾಲುತ್ತಿದೆ ಅಂದರೆ ಕಂಪನಿ ಕೊಟ್ಟ ರಾಡ್ ಸಣ್ಣದು ಅಂತಲ್ಲ, ಅದರ ಸುತ್ತ ಏನೋ ಸವೆದಿದೆ ಅಂತ. ಸವೆದಿದ್ದನ್ನು ಹಾಗೇ ಬಿಟ್ಟು ದಪ್ಪ ರಾಡ್ ಹಾಕಿಸಿದರೆ ಹಳೇ ತೊಂದರೆ ಉಳಿಯುತ್ತದೆ, ದುಡ್ಡು ಹೋಗುತ್ತದೆ.

ಈ ರಾಡ್ ಏನು ಮಾಡುತ್ತೆ ಅಂತ ಒಮ್ಮೆ ಗೊತ್ತಾದರೆ ಉಳಿದದ್ದು ಸುಲಭ. ಗಾಡಿಯ ಅಡಿಯಲ್ಲಿ ಅಡ್ಡಲಾಗಿ ಒಂದು ಸ್ಪ್ರಿಂಗ್ ಸ್ಟೀಲ್ ಸರಳು, ಎರಡೂ ತುದಿ ಬಾಗಿರುತ್ತವೆ. ನಡುವಿನ ಭಾಗವನ್ನು ಎರಡು ರಬ್ಬರ್ ಬುಷ್ (ಸರಳಿನ ಸುತ್ತ ಕೂರುವ ರಬ್ಬರ್ ಬಳೆ) ಹಾಕಿ ಚಾಸಿಗೆ ಹಿಡಿಸಿರುತ್ತಾರೆ. ತುದಿಗಳು ಲಿಂಕ್ ರಾಡ್ ಮೂಲಕ ಎಡ ಮತ್ತು ಬಲ ಚಕ್ರದ ಕಡೆಗೆ ಸೇರುತ್ತವೆ. ಹಂಪ್ ಮೇಲೆ ಎರಡೂ ಚಕ್ರ ಒಟ್ಟಿಗೆ ಎದ್ದರೆ ಸರಳು ಬುಷ್ ಒಳಗೆ ಸುಮ್ನೆ ತಿರುಗುತ್ತದೆ, ಏನೂ ಕೆಲಸ ಮಾಡಲ್ಲ. ತಿರುವಿನಲ್ಲಿ ಗಾಡಿ ಹೊರಗಡೆಗೆ ವಾಲಿದಾಗ ಒಂದು ಕಡೆ ಸ್ಪ್ರಿಂಗ್ ಅದುಮುತ್ತದೆ, ಇನ್ನೊಂದು ಕಡೆ ಬಿಚ್ಚಿಕೊಳ್ಳುತ್ತದೆ. ಆಗ ಈ ಸರಳಿನ ಒಂದು ತುದಿ ಮೇಲೆ, ಒಂದು ತುದಿ ಕೆಳಗೆ. ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತದೆ, ಆದರೆ ಇದು ಸ್ಪ್ರಿಂಗ್ ಆದ್ದರಿಂದ ವಾಪಸ್ ನೆಟ್ಟಗಾಗೋಕೆ ಒದ್ದಾಡುತ್ತದೆ. ಆ ಒದ್ದಾಟವೇ ನಿಮ್ಮ ಗಾಡಿಯನ್ನು ವಾಲದಂತೆ ಹಿಡಿಯೋ ಬಲ.

ಈಗ ಯೋಚಿಸಿ. ಲಿಂಕ್ ರಾಡಿನ ಬಾಲ್ ಜಾಯಿಂಟ್ ಸಡಿಲ ಆಗಿದ್ದರೆ, ಗಾಡಿ ಸಾಕಷ್ಟು ವಾಲಿ ಆ ಸಡಿಲು ಮುಗಿಯೋವರೆಗೂ ಸರಳು ತಿರುಚೋದೇ ಇಲ್ಲ. ಬುಷ್ ಸವೆದು ಸಂದು ಬಿಟ್ಟಿದ್ದರೂ ಅಷ್ಟೇ. ನೀವು ಅನ್ನುತ್ತಿರುವ ‘ಮಲಗಿದ ಹಾಗೆ’ ಅಂದರೆ ಬಹುಶಃ ಇದೇ. ಮೊದಲು ದಡಕ್ಕನೆ ವಾಲಿ, ಆಮೇಲೆ ಹಿಡಿದುಕೊಳ್ಳುತ್ತೆ, ಅಲ್ವಾ?

ಪರೀಕ್ಷೆ ಕಷ್ಟ ಇಲ್ಲ. ಸಮತಟ್ಟು ಜಾಗದಲ್ಲಿ, ನಾಲ್ಕೂ ಚಕ್ರ ನೆಲದ ಮೇಲಿರುವಾಗ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಮುಂದಿನ ಚಕ್ರದ ಹಿಂದಿನಿಂದ ಕೈ ಹಾಕಿ ಲಿಂಕ್ ರಾಡನ್ನು ಹಿಡಿದು ಗಟ್ಟಿಯಾಗಿ ಅಲ್ಲಾಡಿಸಿ. ಬೆರಳಿಗೆ ಟಕ್ ಟಕ್ ಅಂತ ಸಿಕ್ಕಿದರೆ ಜಾಯಿಂಟ್ ಹೋಗಿದೆ. ಅದರ ಮೇಲಿನ ರಬ್ಬರ್ ಟೋಪಿ ಹರಿದು ಗ್ರೀಸ್ ಹೊರಗೆ ಬಂದು ಮಣ್ಣು ಮೆತ್ತಿಕೊಂಡಿದ್ದರೆ ಇನ್ನು ಅಲ್ಲಾಡಿಸಿ ನೋಡೋದೂ ಬೇಡ, ಬದಲಾಯಿಸಿ. ಚಾಸಿಗೆ ಹಿಡಿದಿರುವ ಬುಷ್ ಹತ್ತಿರ ಸರಳನ್ನು ನೋಡಿ. ಅಲ್ಲಿ ಪೇಂಟ್ ಹೋಗಿ ಕಬ್ಬಿಣ ಹೊಳೆಯುತ್ತಾ ಇದ್ದರೆ, ಬುಷ್ ಮತ್ತು ಸರಳಿನ ನಡುವೆ ಸಂದು ಕಂಡರೆ, ರಬ್ಬರ್ ಸವೆದಿದೆ ಅಂತ ಅರ್ಥ. ನಿಧಾನವಾಗಿ ಹೋಗುತ್ತಾ ಒಂದೇ ಚಕ್ರವನ್ನು ಗುಂಡಿಗೆ ಇಳಿಸಿದಾಗ ಮುಂದಿನಿಂದ ಕಟ ಕಟ ಸದ್ದು ಬಂದರೂ ಮೊದಲ ಅನುಮಾನ ಈ ಲಿಂಕ್ ಮೇಲೇ.

ಇದರ ಜೊತೆ ಶಾಕ್ ಅಬ್ಸಾರ್ಬರ್ ನೋಡಿಸಿ. 1 ಲಕ್ಷ ದಾಟಿದ ಗಾಡಿ, ಘಾಟಿಯಲ್ಲೇ ಓಡಾಡಿದ್ದು. ಎಣ್ಣೆ ಸೋರಿ ಧೂಳು ಅಂಟಿದ್ದರೆ ಅದರ ಕಾಲ ಮುಗಿದಿದೆ. ಒಂದು ವಿಷಯ ಇಲ್ಲಿ ಸ್ಪಷ್ಟ ಇರಲಿ. ಗಾಡಿ ಎಷ್ಟು ವಾಲಬೇಕು ಅನ್ನೋದನ್ನು ತೀರ್ಮಾನಿಸೋದು ಸ್ಪ್ರಿಂಗ್ ಮತ್ತು ಈ ರಾಡ್, ಎಷ್ಟು ಬೇಗ ವಾಲಬೇಕು ಅನ್ನೋದು ಶಾಕ್ ಕೈಯಲ್ಲಿ. ಎಡ ತಿರುವು ಮುಗಿದ ಕೂಡಲೇ ಬಲ ತಿರುವು ಬರುವ ಚಾರ್ಮಾಡಿಯಂಥ ಕಡೆ ಶಾಕ್ ಸತ್ತಿದ್ದರೆ ಗಾಡಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಬೀಳುತ್ತಾ ಹೋಗುತ್ತದೆ. ಟೈರಿನ ಗಾಳಿ ಕಂಪನಿ ಹೇಳಿದಷ್ಟೇ ಇದೆಯಾ ನೋಡಿ, ಟೈರ್ ತಣ್ಣಗಿರುವಾಗ. ಮೇಲೆ ಕ್ಯಾರಿಯರ್ ಹಾಕಿಸಿ ಅದರ ಮೇಲೊಂದು ಸ್ಟೆಪ್ನಿ ಮತ್ತು ಟಾರ್ಪಲ್ ಸದಾ ಕಟ್ಟಿಟ್ಟಿದ್ದರೆ ಮೊದಲು ಅದನ್ನು ಇಳಿಸಿ.

ಲಿಂಕ್, ಬುಷ್, ಶಾಕ್ ಮೂರೂ ಹೊಸದಾಗಿ, ಅಲೈನ್‌ಮೆಂಟ್ ಮಾಡಿಸಿ, ಒಂದು ಸಲ ಘಾಟಿ ಇಳಿದು ಹತ್ತಿ ಬನ್ನಿ. ಆಮೇಲೂ ಸಾಲದು ಅನ್ನಿಸಿದರೆ ದಪ್ಪ ರಾಡಿನ ಮಾತು.

ಅಮ್ಮನ ವಾಂತಿಯ ವಿಷಯ ಬೇರೆಯೇ ಹೇಳಬೇಕು. ತುಂಬಾ ಗಟ್ಟಿ ರಾಡ್ ಹಾಕಿದರೆ ಒಂದೇ ಬದಿ ಗುಂಡಿಗೆ ಇಳಿದಾಗ ಆ ಕುಲುಕು ಇನ್ನೊಂದು ಬದಿಗೂ ದಾಟುತ್ತದೆ. ಎತ್ತರದ ಗಾಡಿಯಲ್ಲಿ ಹಿಂದೆ ಕೂತವರ ತಲೆ ಎಡಕ್ಕೆ ಬಲಕ್ಕೆ ಬಡಿದಾಡಿದ ಹಾಗೆ ಆಗುತ್ತದೆ. ಕೆಟ್ಟ ರಸ್ತೆಯಲ್ಲಿ ಅದರಿಂದ ವಯಸ್ಸಾದವರಿಗೆ ಇನ್ನೂ ಕಷ್ಟ. ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ರಸ್ತೆ ಕಾಣಲಿ. ನೀವು ತಿರುವಿಗೆ ಮುಂಚೆಯೇ ಬ್ರೇಕ್ ಮುಗಿಸಿ, ತಿರುವಿನ ಒಳಗೆ ಒಂದೇ ವೇಗದಲ್ಲಿ ಹೋಗಿ. ಇದು ಯಾವ ಬಿಡಿಭಾಗಕ್ಕಿಂತಲೂ ಜಾಸ್ತಿ ಕೆಲಸ ಮಾಡುತ್ತದೆ.

ಪ್ರಶ್ನೆ: ನನ್ನ ಎಸ್‌ಯುವಿಯ ಮುಂದಿನ ಬಾರ್ 25 ಮಿ.ಮೀ. ಇದೆ. ಆನ್‌ಲೈನ್‌ನಲ್ಲಿ 28 ಮಿ.ಮೀ. ಸಿಗುತ್ತಿದೆ, ಬೆಲೆ ನೋಡಿದರೆ ತಲೆ ತಿರುಗುತ್ತೆ. ಬರೀ 3 ಮಿ.ಮೀ.ಗೆ ಇಷ್ಟು ದುಡ್ಡಾ? ನಮ್ಮ ಪೀಣ್ಯದಲ್ಲಿ ಲೇತ್ ಇಟ್ಟಿರೋ ಪರಿಚಯದವರು ಅದೇ ಅಳತೆಗೆ ಸರಳು ಬಗ್ಗಿಸಿ ಕೊಡ್ತೀನಿ ಅಂತಾರೆ. ಮಾಡಿಸಬಹುದಾ?
— ಒಬ್ಬ ಓದುಗರು, ಬೆಂಗಳೂರು

ಉತ್ತರ: ಬರೀ 3 ಮಿ.ಮೀ. ಅಂತ ತಿಳಿಯಬೇಡಿ. ತಿರುಚುವ ಸರಳಿನ ಬಿಗಿ ಅದರ ದಪ್ಪದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. 28ನ್ನು 25ರಿಂದ ಭಾಗಿಸಿದರೆ 1.12, ಅದನ್ನು ನಾಲ್ಕು ಸಲ ಬರೆದು ಗುಣಿಸಿ (1.12 × 1.12 × 1.12 × 1.12), 1.57 ಬರುತ್ತದೆ. ಅಂದರೆ ದಪ್ಪ 12% ಜಾಸ್ತಿ, ಬಿಗಿ 57% ಜಾಸ್ತಿ. 25ರಿಂದ ನೇರ 32ಕ್ಕೆ ಹಾರಿದರೆ ಬಿಗಿ ಎರಡೂವರೆ ಪಟ್ಟು ದಾಟುತ್ತದೆ. ಅದಕ್ಕೇ ಒಂದೇ ಸಲಕ್ಕೆ ದಪ್ಪದ್ದು ತಗೋಬೇಡಿ ಅಂತ ನಾನು ಎಲ್ಲರಿಗೂ ಹೇಳೋದು.

ಹಾಗಂತ ವಾಲುವುದೂ 57% ಕಡಿಮೆ ಆಗುತ್ತೆ ಅಂತ ಲೆಕ್ಕ ಹಾಕಬೇಡಿ. ವಾಲುವಿಕೆಯನ್ನು ತಡೆಯೋದರಲ್ಲಿ ಸ್ಪ್ರಿಂಗ್‌ಗಳ ಪಾಲೂ ಇದೆ, ಹಿಂದಿನ ಆಕ್ಸಲಿನ ಪಾಲೂ ಇದೆ. ರಬ್ಬರ್ ಬುಷ್ ಸ್ವಲ್ಪ ಅದುಮಿಕೊಂಡು ತನ್ನ ಪಾಲು ತಿನ್ನುತ್ತದೆ. ಮುಂದಿನ ರಾಡ್ ಒಂದನ್ನೇ ಬದಲಾಯಿಸಿದಾಗ ಒಟ್ಟು ವ್ಯತ್ಯಾಸ ಕೈಗೆ ತಿಳಿಯುವಷ್ಟು ಇರುತ್ತದೆ, ಕಣ್ಣು ಕುಕ್ಕುವಷ್ಟಲ್ಲ.

ಕೆಲವು ರಾಡ್‌ಗಳ ತುದಿಯಲ್ಲಿ ಎರಡು ಮೂರು ತೂತು ಇರುತ್ತವೆ. ಲಿಂಕನ್ನು ಯಾವ ತೂತಿಗೆ ಹಾಕುತ್ತೀರಿ ಅನ್ನೋದರ ಮೇಲೆ ಬಿಗಿ ಬದಲಾಗುತ್ತದೆ. ತೋಳು, ಅಂದರೆ ಲಿಂಕ್ ಸೇರುವ ತೂತಿನವರೆಗಿನ ಬಾಗಿದ ತುದಿಯ ಉದ್ದ, 24 ಸೆಂ.ಮೀ. ಇದ್ದದ್ದು 22 ಆದರೆ ಬಿಗಿ ಸುಮಾರು 19% ಏರುತ್ತದೆ. ಸಿಕ್ಕರೆ ಅಂಥದ್ದನ್ನೇ ತಗೊಳ್ಳಿ, ತುಂಬಾ ಹೊರಗಿನ ತೂತಿನಿಂದ ಶುರು ಮಾಡಿ. ಟೊಳ್ಳು ರಾಡ್ ಅಂದರೆ ಮೋಸ ಅಂತ ಕೆಲವರು ತಿಳಿದಿದ್ದಾರೆ, ಹಾಗಲ್ಲ. ಹೊರಗಿನ ಅಳತೆ 30 ಮಿ.ಮೀ., ಒಳಗೆ 15 ಮಿ.ಮೀ. ಟೊಳ್ಳು ಇದ್ದರೆ ತೂಕ 25% ಇಳಿಯುತ್ತದೆ, ಬಿಗಿ 6% ಚಿಲ್ಲರೆ ಮಾತ್ರ. ತಿರುಚನ್ನು ಹೊರುವುದು ಸರಳಿನ ಹೊರ ಪದರ, ನಡುವಿನ ಕಬ್ಬಿಣಕ್ಕೆ ಅಲ್ಲಿ ಅಷ್ಟೇನೂ ಕೆಲಸ ಇಲ್ಲ.

ಇನ್ನು ಲೇತ್ ವಿಷಯ. ದಯವಿಟ್ಟು ಮಾಡಿಸಬೇಡಿ. ಇಲ್ಲಿ ಜನ ಎಡವೋದು ಎಲ್ಲಿ ಅಂದರೆ, ಮಾಮೂಲಿ ಕಬ್ಬಿಣದ ಸರಳಿಗೂ ಸ್ಪ್ರಿಂಗ್ ಸ್ಟೀಲಿಗೂ ಬಿಗಿಯಲ್ಲಿ ಹೆಚ್ಚು ವ್ಯತ್ಯಾಸ ಇಲ್ಲ. ಹಾಗಾಗಿ ಹಾಕಿಸಿದ ಮೊದಲ ದಿನ ಗಾಡಿ ಚೆನ್ನಾಗೇ ಓಡುತ್ತದೆ, ‘ನೋಡಿ, ಏನೂ ಆಗಲಿಲ್ಲ’ ಅನ್ನಿಸುತ್ತದೆ. ವ್ಯತ್ಯಾಸ ಇರೋದು ಎಷ್ಟು ತಿರುಚಿದರೂ ವಾಪಸ್ ಬರುತ್ತಾ ಅನ್ನೋದರಲ್ಲಿ. ಮಾಮೂಲಿ ಸರಳು ಒಂದು ಮಿತಿ ದಾಟಿದರೆ ತಿರುಚಿಕೊಂಡೇ ಉಳಿಯುತ್ತದೆ, ಆಮೇಲೆ ಗಾಡಿ ನಿಂತಲ್ಲೇ ಒಂದು ಕಡೆಗೆ ವಾಲಿರುತ್ತದೆ, ಇಲ್ಲವೇ ಬಾಗಿದ ಜಾಗದಲ್ಲಿ ಬಿರುಕು ಬಿಟ್ಟು ಒಂದು ದಿನ ಮುರಿಯುತ್ತದೆ. ಕಾರ್ಖಾನೆಯಲ್ಲಿ ಬಗ್ಗಿಸಿ, ಕಾಯಿಸಿ, ತಣಿಸಿ ಹದ ಮಾಡಿರುತ್ತಾರೆ. ಬೆಲೆಯಲ್ಲಿ ದೊಡ್ಡ ಪಾಲು ಆ ಹದಕ್ಕೇ. ಇದೇ ಕಾರಣಕ್ಕೆ ಮುರಿದ ರಾಡಿಗೆ ವೆಲ್ಡಿಂಗ್ ಹೊಡೆಸಲೂ ಬಾರದು, ಕುಲುಮೆಯಲ್ಲಿ ಕಾಯಿಸಿ ನೆಟ್ಟಗೆ ಮಾಡಿಸಲೂ ಬಾರದು. ಆ ಜಾಗದ ಹದ ಹೋಗುತ್ತದೆ.

ಪ್ರಶ್ನೆ: ಅಣ್ಣಾ, ನಂದು ಬಾಡಿಗೆ ಪಿಕಪ್. ಹಾಸನದಿಂದ ಶಿರಾಡಿ ಇಳಿದು ಮಂಗಳೂರಿಗೆ ತರಕಾರಿ, ಶುಂಠಿ ಲೋಡು ಹಾಕ್ತೀನಿ. ಚೀಲ ಎತ್ತರಕ್ಕೆ ಜೋಡಿಸಿದಾಗ ತಿರುವಿನಲ್ಲಿ ಎದೆ ಢವಢವ ಅನ್ನುತ್ತೆ. ಹಿಂದಿನ ಆಕ್ಸಲಿಗೆ ರಾಡೇ ಇಲ್ಲ, ಬರೀ ಲೀಫ್ ಸ್ಪ್ರಿಂಗ್. ಹಿಂದೆ ಒಂದು ರಾಡ್ ಹಾಕಿಸಿದರೆ ಪಲ್ಟಿ ಹೊಡೆಯೋ ಭಯ ಹೋಗುತ್ತಾ?
— ಪಿಕಪ್ ಚಾಲಕರು, ಹಾಸನ

ಉತ್ತರ: ತಮ್ಮಾ, ಭಯ ಹೋಗಬಹುದು. ಪಲ್ಟಿಯ ಅಪಾಯ ಹೋಗಲ್ಲ. ಈ ಎರಡರ ನಡುವಿನ ವ್ಯತ್ಯಾಸ ನಿನ್ನ ಜೀವದ ಪ್ರಶ್ನೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಪೂರ್ತಿ ಓದು.

ಪಲ್ಟಿ ಆಗೋದು ಎರಡು ಅಳತೆ ಮೇಲೆ ನಿಂತಿದೆ. ಒಂದು, ಎಡ ಚಕ್ರದಿಂದ ಬಲ ಚಕ್ರಕ್ಕೆ ಇರುವ ಅಗಲ. ಇನ್ನೊಂದು, ಗಾಡಿ ಮತ್ತು ಲೋಡು ಸೇರಿ ಒಟ್ಟು ಭಾರದ ನಡು ನೆಲದಿಂದ ಎಷ್ಟು ಎತ್ತರದಲ್ಲಿದೆ ಅನ್ನೋದು. ಅರ್ಧ ಅಗಲವನ್ನು ಆ ಎತ್ತರದಿಂದ ಭಾಗಿಸಬೇಕು. ತಿರುವಿನಲ್ಲಿ ಹೊರಗೆ ತಳ್ಳುವ ಬಲ ಒಟ್ಟು ತೂಕದ ಎಷ್ಟು ಪಾಲು ಆದರೆ ಗಾಡಿ ಪಲ್ಟಿ ಆಗುತ್ತೆ ಅನ್ನೋದು ಆ ಉತ್ತರ. ಉದಾಹರಣೆಗೆ ಅಗಲ 1.4 ಮೀಟರ್, ಅರ್ಧ 0.7. ಖಾಲಿ ಗಾಡಿಯ ಭಾರದ ನಡು 0.7 ಮೀಟರ್ ಎತ್ತರದಲ್ಲಿದ್ದರೆ ಉತ್ತರ 1. ಚೀಲ ಎತ್ತರಕ್ಕೆ ಜೋಡಿಸಿ ಆ ನಡು 0.9ಕ್ಕೆ ಏರಿದರೆ ಉತ್ತರ 0.78. ಒಣ ಟಾರ್ ಮೇಲೆ ಒಳ್ಳೇ ಟೈರಿನ ಹಿಡಿತವೂ ಇದೇ ಲೆಕ್ಕದಲ್ಲಿ ತೂಕದ ಸುಮಾರು 0.7ರಿಂದ 0.8 ಪಾಲು ಇರುತ್ತದೆ. ಅಂದರೆ ಖಾಲಿ ಗಾಡಿಯಲ್ಲಿ ಜಾಸ್ತಿ ವೇಗವಾಗಿ ತಿರುಗಿಸಿದರೆ ಟೈರ್ ಜಾರುತ್ತದೆ, ಎತ್ತರದ ಲೋಡಿನಲ್ಲಿ ಟೈರ್ ಜಾರುವ ಮೊದಲೇ ಗಾಡಿಯ ಒಳ ಚಕ್ರ ಎದ್ದು ಪಲ್ಟಿ ಆಗಬಹುದು. ವಾಲಿದಾಗ ಭಾರವೂ ಹೊರಗೆ ಸರಿಯುವುದರಿಂದ ನಿಜವಾಗಿ ಲೆಕ್ಕಕ್ಕಿಂತ ಮುಂಚೆಯೇ ಏಳುತ್ತದೆ.

ಈ ಲೆಕ್ಕದಲ್ಲಿ ರಾಡ್ ಎಲ್ಲಿದೆ? ಎಲ್ಲೂ ಇಲ್ಲ. ರಾಡ್ ಹಾಕಿದರೆ ವಾಲುವುದು ಕಡಿಮೆಯಾಗಿ, ಭಾರ ಹೊರಗೆ ಸರಿಯುವುದು ಸ್ವಲ್ಪ ತಗ್ಗುತ್ತದೆ, ಅಷ್ಟೇ. ಒಳ ಚಕ್ರದಿಂದ ಹೊರ ಚಕ್ರಕ್ಕೆ ದಾಟುವ ಭಾರ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ನನ್ನ ಕಳವಳ ಏನು ಅಂದರೆ, ಈಗ ನಿನಗೆ ವಾಲುವುದು ಗೊತ್ತಾಗಿ ಎದೆ ಢವಢವ ಅನ್ನುತ್ತೆ, ಕಾಲು ತಾನಾಗಿ ಬ್ರೇಕಿಗೆ ಹೋಗುತ್ತೆ. ಗಾಡಿ ನೆಟ್ಟಗೆ ನಿಂತಿದೆ ಅನ್ನಿಸಿದರೆ ಕಾಲು ಎಕ್ಸಲೇಟರ್ ಮೇಲೇ ಉಳಿಯುತ್ತದೆ.

ನಿಜವಾದ ಮದ್ದು ವೇಗ ಇಳಿಸೋದು. ಹೊರಗೆ ತಳ್ಳುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಇರುತ್ತದೆ. ಅದೇ ತಿರುವನ್ನು ಗಂಟೆಗೆ 40ರಲ್ಲಿ ತಗೊಳ್ಳುವ ಬದಲು 30ರಲ್ಲಿ ತಗೊಂಡರೆ ಆ ಬಲ 44% ಇಳಿಯುತ್ತದೆ. ಯಾವ ಕಂಪನಿಯ ಯಾವ ರಾಡೂ ನಿನಗೆ ಇಷ್ಟು ಕೊಡೋಕೆ ಸಾಧ್ಯ ಇಲ್ಲ, ಇದಕ್ಕೆ ಒಂದು ಪೈಸೆ ಖರ್ಚೂ ಇಲ್ಲ. ಭಾರದ ಚೀಲ ತಳಕ್ಕೆ, ಹಗುರದ ಕ್ರೇಟು ಮೇಲೆ. ಲೋಡು ಸರಿಯದ ಹಾಗೆ ಹಗ್ಗ ಬಿಗಿ. ಆರ್‌ಸಿಯಲ್ಲಿ ಬರೆದ ತೂಕ ದಾಟಬೇಡ, ಬಾಡಿಗೆ ಕೊಡುವವರು ಎಷ್ಟೇ ಒತ್ತಾಯ ಮಾಡಲಿ.

ಇಷ್ಟೆಲ್ಲ ಮಾಡಿದ ಮೇಲೆ ಹಿಂದೆ ರಾಡ್ ಹಾಕಿಸಿದರೆ ತಪ್ಪಿಲ್ಲ. ಎತ್ತರದ ಲೋಡು ತುಯ್ದಾಡುವುದು ಕಡಿಮೆಯಾಗುತ್ತದೆ, ಸ್ಟೀರಿಂಗ್ ಹಿಡಿದು ಹಿಡಿದು ಆಗುವ ಸುಸ್ತು ಕಡಿಮೆಯಾಗುತ್ತದೆ. ಆದರೆ ವಾಪಸ್ ಖಾಲಿ ಬರುವಾಗ ಮಳೆ ಇದ್ದರೆ ಹುಷಾರು. ಟೈರಿನ ಸ್ವಭಾವ ಹೇಗೆ ಅಂದರೆ, ಅದರ ಮೇಲೆ ಎರಡು ಪಟ್ಟು ಭಾರ ಹಾಕಿದರೆ ಹಿಡಿತ ಎರಡು ಪಟ್ಟು ಆಗಲ್ಲ, ಅದಕ್ಕಿಂತ ಕಡಿಮೆ ಆಗುತ್ತದೆ. ಹಿಂದೆ ಗಟ್ಟಿ ರಾಡ್ ಇದ್ದರೆ ತಿರುವಿನಲ್ಲಿ ಹಿಂದಿನ ಒಳ ಚಕ್ರ ಹಗುರ, ಹೊರ ಚಕ್ರ ಭಾರ. ಎರಡೂ ಸೇರಿ ಹಿಂದಿನ ಹಿಡಿತ ತಗ್ಗುತ್ತದೆ. ಖಾಲಿ ಪಿಕಪ್ಪಿನ ಹಿಂಬದಿ ಮೊದಲೇ ಹಗುರ, ಒದ್ದೆ ರಸ್ತೆಯಲ್ಲಿ ಬಾಲ ಬೀಸಿಬಿಡುತ್ತದೆ. ಹಾಗಾಗಿ ಸಿಗುವುದರಲ್ಲಿ ತೆಳುವಾದದ್ದನ್ನೇ ಹಾಕಿಸು, ನಿನ್ನ ಮಾಡೆಲಿಗೆ ಅಂತಲೇ ಮಾಡಿದ್ದನ್ನು.

ಪ್ರಶ್ನೆ: ಮುಂದೆ ಹಾಕಿಸಬೇಕಾ, ಹಿಂದೆ ಹಾಕಿಸಬೇಕಾ, ಎರಡೂ ಕಡೆನಾ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.
— ಒಬ್ಬ ಓದುಗರು, ಶಿವಮೊಗ್ಗ

ಉತ್ತರ: ಮೇಲಿನ ಉತ್ತರದ ಕೊನೇ ಭಾಗ ಓದಿ, ಅದರಲ್ಲೇ ಇದೆ. ಯಾವ ಕಡೆ ಬಿಗಿ ಮಾಡುತ್ತೀರೋ ಆ ಕಡೆಯ ಹಿಡಿತ ಮೊದಲು ಬಿಡುತ್ತದೆ. ಮುಂದೆ ಬಿಗಿ ಮಾಡಿದರೆ, ವೇಗ ಜಾಸ್ತಿಯಾದಾಗ ಸ್ಟೀರಿಂಗ್ ತಿರುಗಿಸಿದರೂ ಗಾಡಿ ನೇರ ಹೋಗೋಕೆ ನೋಡುತ್ತದೆ. ಹಿಂದೆ ಬಿಗಿ ಮಾಡಿದರೆ ಮೂತಿ ಚುರುಕಾಗಿ ತಿರುಗುತ್ತದೆ, ಮಿತಿ ದಾಟಿದರೆ ಹಿಂಭಾಗ ಸುತ್ತಿಕೊಂಡು ಬರುತ್ತದೆ. ಮೊದಲನೆಯದರಲ್ಲಿ ಎಕ್ಸಲೇಟರ್ ಬಿಟ್ಟರೆ ಸಾಮಾನ್ಯ ಚಾಲಕರೂ ಸಂಭಾಳಿಸಬಹುದು, ಎರಡನೆಯದನ್ನು ಸಂಭಾಳಿಸೋದು ಕಷ್ಟ. ಕಂಪನಿಯವರು ಬೇಕಂತಲೇ ಮುಂದೆ ಬಿಗಿ ಜಾಸ್ತಿ ಇಟ್ಟಿರುತ್ತಾರೆ. ಮನೆಯವರೆಲ್ಲ ಓಡಿಸುವ ಗಾಡಿ ಆದರೆ ಮುಂದೆ ಹಿಂದೆ ಎರಡೂ ಸೇರಿಸಿ ಕೊಡುವ ಸೆಟ್ ತಗೊಳ್ಳಿ, ಅದರಲ್ಲಿ ಈ ಸಮತೋಲ ನೋಡಿಯೇ ಅಳತೆ ಮಾಡಿರುತ್ತಾರೆ. ಹಿಂದಿನದನ್ನು ಮಾತ್ರ ಹಾಕಿಸುವುದು ಕೈ ಪಳಗಿದವರಿಗೆ ಇರಲಿ.

ಪ್ರಶ್ನೆ: ನಾನು ಥಾರ್ ಓಡಿಸ್ತೀನಿ. ಸಕಲೇಶಪುರ ಕಡೆ ಆಫ್‌ರೋಡ್ ಗುಂಪಿನ ಜೊತೆ ಹೋಗ್ತೀನಿ. ಗುಂಪಿನವರು ‘ಮುಂದಿನ ಬಾರ್ ಬಿಚ್ಚಿ ಬಿಸಾಕು’ ಅಂತಾರೆ. ಇಲ್ಲಿ ಎಲ್ಲರೂ ದಪ್ಪದ್ದು ಹಾಕಿಸ್ತಿದ್ದಾರೆ, ಇವರು ಬಿಚ್ಚು ಅಂತಾರೆ, ಯಾವುದು ನಿಜ?
— ಓದುಗರು, ಬೆಂಗಳೂರು

ಉತ್ತರ: ಎರಡೂ ನಿಜ, ರಸ್ತೆ ಬೇರೆ ಬೇರೆ. ಕಲ್ಲು, ಹಳ್ಳದಲ್ಲಿ ಒಂದು ಚಕ್ರ ಮೇಲೆ, ಒಂದು ಚಕ್ರ ಕೆಳಗೆ ಇಳಿಯಬೇಕು. ಬಾರ್ ಅದನ್ನೇ ತಡೆಯುತ್ತದೆ, ಒಂದು ಚಕ್ರ ಗಾಳಿಯಲ್ಲಿ ತೇಲಿ ಸುಮ್ನೆ ಸುತ್ತುತ್ತದೆ. ಬಾರ್ ಬಿಚ್ಚಿದರೆ ನಾಲ್ಕೂ ಚಕ್ರ ನೆಲ ಹಿಡಿಯುತ್ತವೆ. ಇದಕ್ಕಾಗಿಯೇ ಜೀಪ್ ರ‍್ಯಾಂಗ್ಲರ್ ರೂಬಿಕಾನ್‌ನಲ್ಲಿ ಮುಂದಿನ ಬಾರನ್ನು ಬಟನ್ ಒತ್ತಿ ಬಿಡಿಸುವ ವ್ಯವಸ್ಥೆ ಇದೆ, ವೇಗ ಜಾಸ್ತಿಯಾದರೆ ಅದು ತಾನೇ ಮತ್ತೆ ಸೇರಿಕೊಳ್ಳುತ್ತದೆ. ಟೊಯೊಟಾ ತನ್ನ ಕೆಲವು ಲ್ಯಾಂಡ್ ಕ್ರೂಸರ್‌ಗಳಲ್ಲಿ ಕೆಡಿಎಸ್‌ಎಸ್ ಅಂತ ಕೊಟ್ಟಿದೆ. ಅಲ್ಲಿ ಮುಂದಿನ ಮತ್ತು ಹಿಂದಿನ ಬಾರ್‌ಗಳನ್ನು ಹೈಡ್ರಾಲಿಕ್ ಎಣ್ಣೆ ಕೊಳವೆಯಿಂದ ಜೋಡಿಸಿರುತ್ತಾರೆ. ಟಾರ್ ರಸ್ತೆಯ ತಿರುವಿನಲ್ಲಿ ಬಿಗಿ, ಹಳ್ಳಕೊಳ್ಳದಲ್ಲಿ ಸಡಿಲ, ಚಾಲಕ ಏನೂ ಮಾಡಬೇಕಿಲ್ಲ. ನನ್ನ ಮಟ್ಟಿಗೆ ಈ ವಿಷಯದಲ್ಲಿ ಇಷ್ಟು ಚೆಂದದ ಪರಿಹಾರ ಬೇರೆ ಇಲ್ಲ.

ನಿಮಗೆ ಸರಿಹೋಗೋದು ಪಿನ್ ತೆಗೆದು ಬಿಡಿಸುವ ಲಿಂಕ್. ಬಿಡಿಸಿದ ಮೇಲೆ ಲಿಂಕ್ ಜೋತಾಡಲು ಬಿಡಬೇಡಿ, ಬ್ರೇಕ್ ಹೋಸಿಗೆ ತಗುಲಿದರೆ ಕಥೆ ಮುಗೀತು. ಮೇಲಕ್ಕೆ ಎತ್ತಿ ಕಟ್ಟಿ. ಎಷ್ಟೇ ಕೆಸರು, ಎಷ್ಟೇ ಕತ್ತಲೆ ಆಗಿರಲಿ, ಟಾರ್ ರಸ್ತೆಗೆ ಹತ್ತುವ ಮೊದಲು ವಾಪಸ್ ಹಾಕಲೇಬೇಕು. ‘ಬಿಚ್ಚಿ ಬಿಸಾಕು’ ಅನ್ನುವವರ ಮಾತು ಕೇಳಿ ಬಾರ್ ಇಲ್ಲದೆ ಬೆಂಗಳೂರು ಹೈವೇಯಲ್ಲಿ 100ರಲ್ಲಿ ಬರುವಾಗ ಎದುರಿಗೆ ದನ ಅಡ್ಡ ಬಂತು ಅಂದುಕೊಳ್ಳಿ, ಸ್ಟೀರಿಂಗ್ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಎಳೆಯಬೇಕಾಗುತ್ತೆ. ಆ ಎರಡನೇ ಎಳೆತದಲ್ಲೇ ಎತ್ತರದ ಗಾಡಿಗಳು ಏಳೋದು.

ಪ್ರಶ್ನೆ: ಮೇಡಂ ಅಥವಾ ಸರ್, ನನ್ನ ಗಂಡ ಎಸ್‌ಯುವಿಗೆ 2 ಇಂಚು ಲಿಫ್ಟ್ ಕಿಟ್, ದೊಡ್ಡ ಟೈರ್ ಹಾಕಿಸಿದ್ದಾರೆ. ನೋಡೋಕೆ ಚೆನ್ನಾಗಿದೆ. ಆದರೆ ಮಕ್ಕಳನ್ನು ಸ್ಕೂಲಿಗೆ ಬಿಡೋದು ನಾನು, ರಿಂಗ್ ರೋಡಿನಲ್ಲಿ ಲೇನ್ ಬದಲಾಯಿಸಿದರೂ ಗಾಡಿ ತೂಗಾಡುತ್ತೆ. ಈಗ ದಪ್ಪ ಬಾರ್ ಹಾಕಿಸೋಣ, ಸರಿ ಹೋಗುತ್ತೆ ಅಂತಿದ್ದಾರೆ. ಇದೆಲ್ಲ ಕಾನೂನು ಪ್ರಕಾರ ಸರೀನಾ?
— ಒಬ್ಬ ಓದುಗರು, ಮೈಸೂರು

ಉತ್ತರ: ತೂಗಾಡುತ್ತೆ ಅಂತ ನಿಮಗೆ ಅನ್ನಿಸಿದ್ದು ಪೂರ್ತಿ ಸರಿ, ಅದು ಹೆದರಿಕೆ ಅಲ್ಲ. ಲಿಫ್ಟ್ ಮಾಡಿದಾಗ ಗಾಡಿಯ ಭಾರವೆಲ್ಲ ಮೇಲೇರಿತು, ಟೈರ್ ದೊಡ್ಡದಾಗಿ ಇನ್ನಷ್ಟು ಏರಿತು, ಅಗಲ ಮಾತ್ರ ಹೆಚ್ಚುಕಡಿಮೆ ಅಷ್ಟೇ ಇದೆ. ಹಾಸನದ ತಮ್ಮನಿಗೆ ಬರೆದ ಲೆಕ್ಕ ನಿಮಗೂ ಅನ್ವಯ.

ಇನ್ನೊಂದು ತೊಂದರೆ ಕಣ್ಣಿಗೆ ಬೀಳಲ್ಲ. ಚಾಸಿ ಮೇಲೆ ಹೋಯಿತು, ಚಕ್ರ ಇದ್ದಲ್ಲೇ ಇದೆ, ಹಾಗಾಗಿ ಬಾರ್ ತೋಳುಗಳು ಕೆಳಮುಖವಾಗಿ ಇಳಿಬಿದ್ದಿರುತ್ತವೆ. ಮೊದಲಿನ ಲಿಂಕ್ ರಾಡೇ ಇದ್ದರೆ ಅದು ಗಿಡ್ಡ ಆಗುತ್ತದೆ, ಕೋನ ಕೆಡುತ್ತದೆ, ಚಕ್ರ ಪೂರ್ತಿ ಕೆಳಗೆ ಇಳಿದಾಗ ಸಿಕ್ಕಿಕೊಳ್ಳುತ್ತದೆ. ಲಿಫ್ಟ್ ಮಾಡಿದವರು ಲಿಂಕ್ ಕೂಡ ಉದ್ದದ್ದು ಹಾಕಿದ್ದಾರಾ ಅಂತ ಕೇಳಿ. ಹಾಕಿಲ್ಲ ಅಂದರೆ ಬಾರ್ ದಪ್ಪ ಮಾಡೋ ಮೊದಲು ಆ ಕೆಲಸ ಆಗಬೇಕು. ನನ್ನನ್ನು ಕೇಳಿದರೆ ಲಿಫ್ಟನ್ನೇ ಇಳಿಸಿ ಅಂತೀನಿ. ಮಕ್ಕಳು ದಿನಾ ಕೂರುವ ಗಾಡಿ ಅದು.

1997ರಲ್ಲಿ ಸ್ವೀಡನ್ನಿನ ಒಂದು ಪತ್ರಿಕೆಯವರು ಮರ್ಸಿಡಿಸ್ ಎ-ಕ್ಲಾಸ್ ಕಾರನ್ನು ದಿಢೀರನೆ ಅತ್ತಿತ್ತ ತಿರುಗಿಸುವ ಪರೀಕ್ಷೆ ಮಾಡಿದಾಗ ಕಾರು ಪಲ್ಟಿ ಆಗಿತ್ತು. ಕಂಪನಿ ಸಸ್ಪೆನ್ಷನ್ ಬದಲಿಸಿದ್ದಲ್ಲದೆ, ಜಾರುವ ಮುಂಚೆ ಒಂದೊಂದೇ ಚಕ್ರಕ್ಕೆ ತಾನೇ ಬ್ರೇಕ್ ಹಾಕುವ ಇಎಸ್‌ಪಿಯನ್ನು ಆ ಮಾಡೆಲಿನ ಎಲ್ಲ ಕಾರಿಗೂ ಕೊಟ್ಟಿತು. ನಿಮ್ಮ ಗಾಡಿಯಲ್ಲಿ ಇಎಸ್‌ಪಿ ಇದ್ದರೆ ಅದನ್ನು ಕಂಪನಿಯ ಟೈರ್ ಅಳತೆ, ಕಂಪನಿಯ ಎತ್ತರಕ್ಕೆ ಹೊಂದಿಸಿರುತ್ತಾರೆ. ಅವೆರಡನ್ನೂ ಬದಲಾಯಿಸಿದರೆ ಅದರ ಲೆಕ್ಕವೂ ತಪ್ಪಬಹುದು.

ಕಾನೂನು: ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೂ ಕಂಪನಿ ಕೊಟ್ಟ ವಿವರಕ್ಕೂ ವ್ಯತ್ಯಾಸ ಬರುವಂತೆ ಗಾಡಿಯನ್ನು ಮಾರ್ಪಾಡು ಮಾಡಬಾರದು. ಸುಪ್ರೀಂ ಕೋರ್ಟ್ ಜನವರಿ 2019ರ ತೀರ್ಪಿನಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಸೆಕ್ಷನ್ ಬಂತು, ಅನುಮತಿ ಇಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5 ಸಾವಿರ ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಲಿಂಕ್, ಬುಷ್‌ನಂಥ ಬಿಡಿಭಾಗವನ್ನು ಕಂಪನಿಯ ಅಳತೆಯದ್ದೇ ಹೊಸದು ಹಾಕಿಸಿದರೆ ಅದು ರಿಪೇರಿ. ಎತ್ತರ, ಟೈರ್ ಅಳತೆ ಬದಲಾಯಿಸಿದ್ದು ಹಾಗಲ್ಲ. ಯಾವುದನ್ನೇ ಮಾಡಿಸುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ, ಇನ್ಶೂರೆನ್ಸ್ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ. ಅಪಘಾತವಾದ ಮೇಲೆ ಸರ್ವೇಯರ್ ಬಂದು ನೋಡಿ ಕ್ಲೇಮ್ ತಳ್ಳಿಹಾಕಿದರೆ ಆಗ ಏನೂ ಮಾಡೋಕೆ ಆಗಲ್ಲ.

ಪ್ರಶ್ನೆ: ಇಲ್ಲಿ ಡೆನ್ವರ್‌ನಲ್ಲಿದ್ದೇವೆ. ಪಿಕಪ್ ಟ್ರಕ್ ಹಿಂದೆ 6,000 ಪೌಂಡಿನ ಕ್ಯಾಂಪಿಂಗ್ ಟ್ರೇಲರ್ ಎಳೆದುಕೊಂಡು ಐ-70 ಹೈವೇಯಲ್ಲಿ ಗುಡ್ಡ ಹತ್ತಿ ಹೋಗ್ತೀವಿ. ಗಾಳಿ ಬಂದಾಗ, ದೊಡ್ಡ ಲಾರಿ ಪಕ್ಕ ದಾಟಿದಾಗ ಟ್ರೇಲರ್ ಬಾಲ ಅಲ್ಲಾಡಿಸಿದ ಹಾಗೆ ಅಲ್ಲಾಡುತ್ತೆ. ಹಿಂದೆ ಹೆವಿ ಡ್ಯೂಟಿ ಸ್ವೇ ಬಾರ್ ಹಾಕಿಸಿದರೆ ನಿಲ್ಲುತ್ತಾ?
— ಕನ್ನಡಿಗ ದಂಪತಿ, ಕೊಲರಾಡೊ

ಉತ್ತರ: ನಿಲ್ಲಲ್ಲ. ಟ್ರಕ್ ಮೈ ವಾಲುವುದು ಬೇರೆ, ಟ್ರೇಲರ್ ಅಡ್ಡಡ್ಡ ಬೀಸುವುದು ಬೇರೆ. ಅಂಗಡಿಯಲ್ಲಿ ಎರಡಕ್ಕೂ ಸ್ವೇ ಅಂತಲೇ ಹೆಸರು ಇರುವುದರಿಂದ ಗೊಂದಲ ಆಗುತ್ತೆ. ಮೊದಲು ತೂಕ ನೋಡಿ. ಟ್ರೇಲರಿನ ಒಟ್ಟು ತೂಕದ 10ರಿಂದ 15% ಟ್ರಕ್ಕಿನ ಕೊಕ್ಕೆಯ ಮೇಲೆ ಕೂರಬೇಕು. ನಿಮ್ಮದಕ್ಕೆ 600ರಿಂದ 900 ಪೌಂಡ್. ನೀರಿನ ಟ್ಯಾಂಕು, ಸೈಕಲ್ಲು, ಸಾಮಾನು ಎಲ್ಲ ಟ್ರೇಲರಿನ ಹಿಂಭಾಗದಲ್ಲಿದ್ದರೆ ಈ ತೂಕ ಕಡಿಮೆಯಾಗಿ ಬಾಲ ಬೀಸೋಕೆ ಶುರು ಮಾಡುತ್ತದೆ. ತೂಗುವ ಕಟ್ಟೆಯಲ್ಲಿ ಒಮ್ಮೆ ತೂಗಿಸಿ, ಭಾರವನ್ನು ಆಕ್ಸಲಿನ ಮುಂದಕ್ಕೆ ಸರಿಸಿ. ಆಮೇಲೆ ಭಾರ ಹಂಚುವ ಹಿಚ್ (ಟ್ರೇಲರ್ ಜೋಡಿಸುವ ಕೊಕ್ಕೆಯ ಸೆಟ್), ಅದರಲ್ಲೇ ಬೀಸು ತಡೆಯುವ ಜೋಡಣೆ ಇರುವುದನ್ನು ಹಾಕಿಸಿ.

ಬೀಸೋಕೆ ಶುರುವಾದರೆ ಕಾಲಿನಿಂದ ಜೋರಾಗಿ ಬ್ರೇಕ್ ಒತ್ತಬೇಡಿ, ಸ್ಟೀರಿಂಗ್ ಆಡಿಸಬೇಡಿ. ಎಕ್ಸಲೇಟರ್ ಬಿಟ್ಟು, ಸ್ಟೀರಿಂಗ್ ನೆಟ್ಟಗೆ ಹಿಡಿದು, ಡ್ಯಾಶ್ ಬಳಿಯ ಕಂಟ್ರೋಲರ್‌ನಿಂದ ಟ್ರೇಲರ್ ಬ್ರೇಕ್ ಮಾತ್ರ ಕೈಯಲ್ಲಿ ಮೆಲ್ಲಗೆ ಹಾಕಿ. ಇದನ್ನು ಮನೆಯಲ್ಲಿ ಓಡಿಸುವ ಇಬ್ಬರೂ ಕಲಿತಿರಬೇಕು.

ಹೆವಿ ಡ್ಯೂಟಿ ಹಿಂದಿನ ಬಾರ್ ನಿಜಕ್ಕೂ ಬೆಲೆ ಬಾಳೋದು ಟ್ರಕ್ಕಿನ ತೊಟ್ಟಿಯೊಳಗೇ ಕೂರಿಸುವ ಎತ್ತರದ ಕ್ಯಾಂಪರ್ ಇರುವವರಿಗೆ. ಅವರ ಟ್ರಕ್ ಪೆಟ್ರೋಲ್ ಬಂಕಿನ ಕಟ್ಟೆ ಹತ್ತಿದರೂ ತೂಗಾಡುತ್ತದೆ, ಅಲ್ಲಿ ಈ ಬಾರ್ ಹಾಕಿದ ದಿನವೇ ವ್ಯತ್ಯಾಸ ಕಾಣುತ್ತದೆ.

ಪ್ರಶ್ನೆ: ಎಲ್ಲ ಯೋಚನೆ ಮಾಡಿಯೇ ಮುಂದೆ ಹಿಂದೆ ಹೊಸ ಬಾರ್ ಸೆಟ್ ಹಾಕಿಸಿದೆ, ಓಡಿಸೋಕೆ ಖುಷಿ ಆಗ್ತಿದೆ. ಆದರೆ ಹಂಪ್ ಬಂದಾಗಲೆಲ್ಲ ಕಿರ್ ಕಿರ್ ಅಂತ ಸದ್ದು. ಬುಷ್ ಕೆಂಪು ಬಣ್ಣದ ಪಾಲಿಯುರಿಥೇನ್. ಗ್ಯಾರೇಜಿನವರು ಎಂಜಿನ್ ಆಯಿಲ್ ಬಿಟ್ಟು ಕಳಿಸಿದರು, ಎರಡು ದಿನ ಸುಮ್ಮನಿದ್ದು ಮತ್ತೆ ಶುರುವಾಯಿತು.
— ಒಬ್ಬ ಓದುಗರು, ಹುಬ್ಬಳ್ಳಿ

ಉತ್ತರ: ಪಾಲಿ ಬುಷ್ ರಬ್ಬರಿಗಿಂತ ಗಟ್ಟಿ, ಬಾರಿನ ಕೆಲಸ ಬೇಗ ಶುರುವಾಗುತ್ತದೆ, ಆದರೆ ಗ್ರೀಸ್ ಇಲ್ಲದಿದ್ದರೆ ಹೀಗೇ ಕೂಗುತ್ತದೆ. ಎಂಜಿನ್ ಆಯಿಲ್ ಹಾಕಬೇಡಿ, ನಿಲ್ಲಲ್ಲ, ಧೂಳು ಹಿಡಿಯುತ್ತೆ, ಪಕ್ಕದ ರಬ್ಬರ್ ಭಾಗಗಳೂ ಹಾಳಾಗುತ್ತವೆ. ಕ್ಲ್ಯಾಂಪ್ ಬಿಚ್ಚಿಸಿ, ಬುಷ್ ಹೊರಗೆ ತೆಗೆದು, ಸರಳಿನ ಆ ಜಾಗವನ್ನು ಒರೆಸಿ, ಬುಷ್ ಒಳಮೈಗೆ ಸಿಲಿಕೋನ್ ಗ್ರೀಸ್ ಧಾರಾಳವಾಗಿ ಸವರಿ ಮತ್ತೆ ಕೂರಿಸಲಿ. ಕ್ಲ್ಯಾಂಪಿನಲ್ಲಿ ಗ್ರೀಸ್ ನಿಪ್ಪಲ್ ಇದ್ದರೆ ಬಿಚ್ಚುವ ಕೆಲಸವೂ ಇಲ್ಲ, ಸರ್ವಿಸಿಗೆ ಬಿಟ್ಟಾಗ ಗನ್ನಿನಿಂದ ತುಂಬಿಸಿದರೆ ಆಯಿತು.

ಹಾಗೇ ಇನ್ನೊಂದು ನೋಡಿಸಿಬಿಡಿ. ಲಿಂಕ್ ನಟ್‌ಗಳನ್ನು ಗಾಡಿ ಲಿಫ್ಟಿನಲ್ಲಿ ಚಕ್ರ ಜೋತಾಡುತ್ತಿದ್ದಾಗಲೇ ಬಿಗಿ ಮಾಡಿದ್ದರೆ, ಬಿಚ್ಚಿ, ಚಕ್ರದ ಮೇಲೆ ಭಾರ ಇರುವಾಗ ಮತ್ತೆ ಬಿಗಿ ಮಾಡಿಸಿ. ಇಲ್ಲವಾದರೆ ಲಿಂಕಿನ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಇದನ್ನು ಮಾಡಿಸಿ 500 ಕಿ.ಮೀ. ಓಡಿದ ಮೇಲೆ ಎಲ್ಲ ನಟ್‌ಗಳಿಗೂ ಇನ್ನೊಮ್ಮೆ ಸ್ಪ್ಯಾನರ್ ಹಾಕಿಸಿ.